ಟ್ಯಾಮಾಕ್ಸಿಫೆನ್ ನುಂಗುವವರ ಕಣ್ಣನ್ನೂ ನೋಡಿ

ಮಾನ್ಯರೇ,

ಸ್ತನ ಕ್ಯಾನ್ಸರ್‌ ಶಸ್ತ್ರಚಿಕಿತ್ಸೆ ಮುಗಿದ ಮೇಲೂ ಅನೇಕ ಮಹಿಳೆಯರು ದಿನಕ್ಕೆ 20 ಮಿಲಿಗ್ರಾಂ ಟ್ಯಾಮಾಕ್ಸಿಫೆನ್ ಮಾತ್ರೆಯನ್ನು 5 ವರ್ಷ, ಕೆಲವರು 10 ವರ್ಷ ನುಂಗಬೇಕಾಗುತ್ತದೆ. ಕಾಯಿಲೆ ಮರುಕಳಿಸದಂತೆ ಕಾಯುವ ಈ ಮಾತ್ರೆ ಕೆಲವರ ರೆಟಿನಾಕ್ಕೆ (ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರಕ್ಕೆ) ಪೆಟ್ಟು ಕೊಡುತ್ತದೆ. ಇದು ವೈದ್ಯರ ಗಮನಕ್ಕೆ ಬಂದದ್ದು 1978ರಲ್ಲಿ. ಆಗ ಕೊಡುತ್ತಿದ್ದ ಡೋಸ್ ಹಲವು ಪಟ್ಟು ಹೆಚ್ಚು. ರೆಟಿನಾದ ನಡುಭಾಗವಾದ, ನೇರ ನೋಟಕ್ಕೆ ಬೇಕಾದ ಮ್ಯಾಕುಲಾದ ಸುತ್ತ ಹರಳಿನಂಥ ಬಿಳಿ-ಹಳದಿ ಚುಕ್ಕೆ ಎದ್ದು ಕಾಣುತ್ತಿದ್ದವು. ಈಗಿನ ಕಡಿಮೆ ಡೋಸ್‌ನಲ್ಲಿ ಹರಳೇ ಇಲ್ಲದೆ, ಮ್ಯಾಕುಲಾದ ನಡುವೆ ಸಣ್ಣ ಪೊಳ್ಳು ಮಾತ್ರ ಆಗಿರಬಹುದು. ಅದು ಬರೀ ಲೆನ್ಸ್ ಹಿಡಿದು ನೋಡಿದರೆ ತಪ್ಪಿಹೋಗುತ್ತದೆ, ಬೆಳಕಿನಿಂದ ರೆಟಿನಾದ ಪದರಗಳ ಚಿತ್ರ ತೆಗೆಯುವ ಒಸಿಟಿ ಸ್ಕ್ಯಾನ್‌ನಲ್ಲಿ ಸಿಗುತ್ತದೆ.

ಎಡವಟ್ಟಾಗುವುದು ಇಲ್ಲೇ. ಓದುವಾಗ ನಡುವಿನ ಅಕ್ಷರ ಮಸುಕಾಗುತ್ತದೆ ಎಂದರೆ ಚಾಳೀಸು ಎಂದು ಕನ್ನಡಕದ ನಂಬರ್ ಬದಲಿಸುತ್ತಾರೆ. ಸಕ್ಕರೆ ಕಾಯಿಲೆಯೂ ಇದ್ದರಂತೂ ಆ ಪೊಳ್ಳನ್ನು ಸಕ್ಕರೆಯಿಂದಾದ ಊತ ಎಂದುಕೊಳ್ಳುವ ಅಪಾಯವಿದೆ. ಊತವಾದರೆ ರೆಟಿನಾ ದಪ್ಪಗಾಗಿರುತ್ತದೆ, ಬಣ್ಣದ ಔಷಧ ಕೊಟ್ಟು ಕಣ್ಣಿನ ರಕ್ತನಾಳಗಳ ಚಿತ್ರ ತೆಗೆಯುವ ಆಂಜಿಯೋಗ್ರಫಿಯಲ್ಲಿ ಸೋರಿಕೆ ಕಾಣುತ್ತದೆ. ಈ ಪೊಳ್ಳಿನಲ್ಲಿ ಸಾಮಾನ್ಯವಾಗಿ ಎರಡೂ ಇರುವುದಿಲ್ಲ. ಆದ್ದರಿಂದ ಕಣ್ಣಿನ ವೈದ್ಯರಿಗೆ ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಯಾವ ತಿಂಗಳಿಂದ ಎಂಬುದನ್ನು ಅವರು ಕೇಳದಿದ್ದರೂ ಹೇಳಿ.

ಮಾತ್ರೆ ಶುರುವಾದ ಮೊದಲ ವರ್ಷದೊಳಗೆ ಒಮ್ಮೆ ಒಸಿಟಿ ಮಾಡಿಸಿಟ್ಟುಕೊಂಡರೆ ಮುಂದೆ ಹೋಲಿಸಿ ನೋಡಲು ಆಧಾರ ಸಿಗುತ್ತದೆ. ಆಮೇಲೆ ವರ್ಷಕ್ಕೊಮ್ಮೆ ಸಾಕೆಂಬುದು ನಮ್ಮ ಅಭಿಪ್ರಾಯ. ಪಾಪೆ ಹಿಗ್ಗಿಸುವ ಹನಿ ಹಾಕಿದರೆ ಕೆಲವು ಗಂಟೆ ಮಂಜಾಗಿರುತ್ತದೆ, ಜೊತೆಗೊಬ್ಬರು ಬರಲಿ. ಮನೆಯಲ್ಲಿ ಮಕ್ಕಳ ಚೌಕಳಿ ಲೆಕ್ಕದ ಪುಸ್ತಕದ ಹಾಳೆಯೊಂದರ ನಡುವೆ ಚುಕ್ಕೆ ಇಟ್ಟು, ಓದುವ ಕನ್ನಡಕ ಹಾಕಿಕೊಂಡು, ಒಂದಡಿ ದೂರದಿಂದ ಒಂದೊಂದೇ ಕಣ್ಣಲ್ಲಿ ಆ ಚುಕ್ಕೆಯನ್ನೇ ನೋಡಿ. ಗೆರೆ ಡೊಂಕಾಗಿ ಕಂಡರೆ, ಚೌಕ ಅಳಿಸಿದಂತಿದ್ದರೆ ವರ್ಷ ತುಂಬಲೆಂದು ಕಾಯಬೇಡಿ. ಎರಡೂ ಕಣ್ಣು ಬಿಟ್ಟು ನೋಡಿದರೆ ಒಂದರ ಕೊರತೆಯನ್ನು ಇನ್ನೊಂದು ಮುಚ್ಚಿಬಿಡುತ್ತದೆ.

ಹೆದರಿ ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ, ದಯವಿಟ್ಟು. ಅದು ತಡೆಯುತ್ತಿರುವುದು ಕ್ಯಾನ್ಸರನ್ನು. ನಿಲ್ಲಿಸಬೇಕೇ ಎಂಬುದನ್ನು ಕ್ಯಾನ್ಸರ್ ವೈದ್ಯರು ಮತ್ತು ಕಣ್ಣಿನ ವೈದ್ಯರು ಕೂಡಿ ತೀರ್ಮಾನಿಸಬೇಕು. ಮುಟ್ಟು ನಿಂತವರಿಗೆ ಲೆಟ್ರೋಜೋಲ್, ಅನಾಸ್ಟ್ರೋಜೋಲ್‌ನಂಥ ಬದಲಿ ಇದೆ. ಮುಟ್ಟು ನಿಲ್ಲದವರಿಗೆ ಅವನ್ನು ಕೊಡಬೇಕಾದರೆ ಅಂಡಾಶಯದ ಕೆಲಸವನ್ನೂ ತಡೆಹಿಡಿಯಬೇಕಾಗುತ್ತದೆ. ಮಾತ್ರೆಯಿಂದಲೇ ಊತ ಬಂದಿದ್ದರೆ ಅದನ್ನು ಬಿಟ್ಟ ಮೇಲೆ ಊತ ಇಳಿಯಬಹುದು, ಹರಳು ಉಳಿಯುವುದೇ ಹೆಚ್ಚು.

ಕ್ಯಾನ್ಸರ್ ಆಸ್ಪತ್ರೆಗಳು ಔಷಧ ಚೀಟಿಯಲ್ಲಿ 'ಕಣ್ಣು ತೋರಿಸಿ' ಎಂಬ ಒಂದು ಸಾಲು ಬರೆಯಲಿ. ನೇತ್ರ ಶಿಬಿರಗಳ ನೋಂದಣಿ ಹಾಳೆಯಲ್ಲಿ ಸಕ್ಕರೆ, ಬಿಪಿ ಕೇಳುವ ಜಾಗದ ಕೆಳಗೆ ಟ್ಯಾಮಾಕ್ಸಿಫೆನ್ ಬಗ್ಗೆಯೂ ಕೇಳಲಿ.