ಆ ಫೈನಲ್ಲೇ ಯಾಕೆ, ಪುಟ್ಟ?

ಬಂಗಾರಪೇಟೆ
ಭಾನುವಾರ

ಚಿರಂಜೀವಿ ಪುಟ್ಟನಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

2026ರ ಫುಟ್‌ಬಾಲ್ ವರ್ಲ್ಡ್ ಕಪ್ ನೋಡಲು ಅಮೆರಿಕಕ್ಕೆ ಹೊರಟಿದ್ದೀಯಂತೆ. ನಾನಾದರೂ ಬೇಡ ಅನ್ನಲಿ ಅಂತ ನಿಮ್ಮಮ್ಮ ಫೋನ್ ಮಾಡಿದ್ದಳು. 2001ರಲ್ಲಿ ಗಣಿ ಮುಚ್ಚುವ ತನಕ ಕೆಜಿಎಫ್‌ನಲ್ಲಿ ದುಡಿದವನು, ಶಿಫ್ಟ್ ಅದಲುಬದಲು ಮಾಡಿಕೊಂಡು ಫುಟ್‌ಬಾಲ್ ನೋಡಿದವನು, ಬೇಡ ಅಂತ ಯಾವ ಬಾಯಲ್ಲಿ ಹೇಳಲಿ? ಹೋಗು. ಆದರೆ ಆ ಫೈನಲ್ ಹಟ ಬಿಡು.

ಜುಲೈ 19ರ ಫೈನಲ್ ನ್ಯೂಯಾರ್ಕಿನಲ್ಲಿ ಅಂದುಕೊಂಡಿದ್ದೀಯ. ಮೈದಾನ ಇರುವುದು ಹಡ್ಸನ್ ನದಿಯ ಆಚೆ, ನ್ಯೂಜೆರ್ಸಿಯ ಈಸ್ಟ್ ರುದರ್‌ಫರ್ಡ್‌ನಲ್ಲಿ. ಬೆಂಗಳೂರು ಅಂತ ಹೇಳಿ ಹೊಸಕೋಟೆಯಲ್ಲಿ ಇಳಿಸಿದ ಹಾಗೆ. ಸುತ್ತ ರೂಮು ಸಿಗುವುದೇ ಕಷ್ಟ. 2017ರಲ್ಲಿ ಹದಿನೇಳು ವರ್ಷದೊಳಗಿನ ಹುಡುಗರ ವರ್ಲ್ಡ್ ಕಪ್ ನೋಡಲು ನಾನು ಕೊಚ್ಚಿಗೆ ಹೋಗಿದ್ದೆನಲ್ಲ, ಬ್ರೆಜಿಲ್ ಸ್ಪೇನನ್ನು 2–1ರಲ್ಲಿ ಸೋಲಿಸಿದ ದಿನ. ಫೋನಿನಲ್ಲಿ ಹೇಳಿಟ್ಟಿದ್ದ ಲಾಡ್ಜಿನವನು ಜಾಸ್ತಿ ದುಡ್ಡು ಕೊಟ್ಟವನಿಗೆ ರೂಮು ಕೊಟ್ಟುಬಿಟ್ಟಿದ್ದ. ರಾತ್ರಿಯೆಲ್ಲ ಎರ್ನಾಕುಲಂ ಸ್ಟೇಷನ್ನಿನ ಬೆಂಚಿನ ಮೇಲೆ ಕಳೆದೆ. ಸೊಳ್ಳೆ ಬೇರೆ. ನಿಮ್ಮ ದೊಡ್ಡಮ್ಮನಿಗೆ ಇವತ್ತಿಗೂ ಈ ವಿಷಯ ಹೇಳಿಲ್ಲ.

ಈ ಸಲ ಪಂದ್ಯಗಳು ಅಮೆರಿಕ, ಮೆಕ್ಸಿಕೋ, ಕೆನಡಾ ಮೂರೂ ದೇಶಗಳಲ್ಲಿ ಇವೆಯಲ್ಲ, ನನ್ನ ಕೇಳಿದರೆ ಮೆಕ್ಸಿಕೋ ಸಿಟಿಗೆ ಹೋಗು. ಅಜ್ಟೆಕಾ ಮೈದಾನ ಅಂದರೆ ಸುಮ್ನೆ ಅಲ್ಲ. 1970ರಲ್ಲಿ ಪೆಲೆ, 1986ರಲ್ಲಿ ಮರಡೋನಾ ಕಪ್ ಎತ್ತಿದ ಜಾಗ. ಇಂಗ್ಲೆಂಡ್ ಮೇಲೆ ಕೈಯಲ್ಲಿ ಗೋಲು ಹೊಡೆದದ್ದೂ ಅಲ್ಲೇ. ಜೂನ್ 17ಕ್ಕೆ ಅಲ್ಲಿ ಉಜ್ಬೇಕಿಸ್ತಾನ್–ಕೊಲಂಬಿಯಾ ಪಂದ್ಯ ಇದೆ. ಉಜ್ಬೇಕಿಸ್ತಾನದವರಿಗೆ ಇದು ಮೊದಲ ವರ್ಲ್ಡ್ ಕಪ್. ಆ ಹುಡುಗರ ಮುಖ ನೋಡಲಾದರೂ ಹೋಗಬೇಕು, ಅಲ್ವಾ? ಎರಡು ದಿನ ಮುಂಚೆಯೇ ಊರು ಸೇರಿಕೋ. ಅದು 2,240 ಮೀಟರ್ ಎತ್ತರದಲ್ಲಿದೆ, ನಮ್ಮ ನಂದಿಬೆಟ್ಟಕ್ಕಿಂತ ಎಷ್ಟೋ ಮೇಲೆ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತೆ.

ಅಮೆರಿಕದ ವೀಸಾ ಕೈಯಲ್ಲಿದ್ದರೆ ಮೆಕ್ಸಿಕೋಗೆ ಬೇರೆ ವೀಸಾ ಬೇಡ. ಕೆನಡಾಗೆ ಬೇಕು. ಪಂದ್ಯದ ಟಿಕೆಟ್ ಇದ್ದರೆ ಅಮೆರಿಕದ ವೀಸಾ ಇಂಟರ್‌ವ್ಯೂ ಬೇಗ ಸಿಗಬಹುದು, ಅಷ್ಟೇ. ವೀಸಾ ಕೊಡುವುದು ಬಿಡುವುದು ಅವರಿಗೆ ಬಿಟ್ಟದ್ದು. 185 ಡಾಲರ್ ಫೀಸು ಕಟ್ಟಿದರೆ, ವೀಸಾ ಸಿಗದಿದ್ದರೂ ವಾಪಸ್ ಬರಲ್ಲ. ವೀಸಾ ಕೈಗೆ ಬರುವ ತನಕ ವಿಮಾನಕ್ಕಾಗಲಿ ರೂಮಿಗಾಗಲಿ ಕ್ಯಾನ್ಸಲ್ ಮಾಡಲಾಗದ ದುಡ್ಡು ಕಟ್ಟಬೇಡ. ರಜೆಯ ಪತ್ರ, ಸಂಬಳದ ಚೀಟಿ ಜೋಡಿಸಿಟ್ಟುಕೋ.

ನಿಮ್ಮ ದೊಡ್ಡಮ್ಮ ಶ್ರೀನಿವಾಸಪುರದ ಮಾವಿನಹಣ್ಣು ಕಟ್ಟಿಕೊಡುತ್ತಾಳಂತೆ. ದಾರಿಯಲ್ಲಿ ಅಮೆರಿಕದಲ್ಲಿ ಇಳಿದರೆ ಕಸ್ಟಮ್ಸಿನವರು ಕಿತ್ತುಕೊಂಡು ಬಿಸಾಡುತ್ತಾರೆ. ಬೇಡ ಅಂತ ನೀನೇ ಹೇಳು, ನನ್ನ ಮಾತು ಕೇಳಲ್ಲ.

ಮುಂದಿನ ಭಾನುವಾರ ಪಾಸ್‌ಪೋರ್ಟ್ ತಗೊಂಡು ಬಾ. ಅವಧಿ ಇನ್ನೂ ಎಷ್ಟು ತಿಂಗಳಿದೆ ನೋಡಬೇಕು.

ಇಂತಿ,
ನಿನ್ನ ದೊಡ್ಡಪ್ಪ