ನೂರು ರಾತ್ರಿ ಓದಿದವರಿಗೆ

ಇವತ್ತಿಗೆ ನೂರು ದಿನ. ಮನೆಯಲ್ಲಿ ತುಂಬಿಕೊಂಡ ಬೇಡದ ಸಾಮಾನನ್ನು ದಿನಕ್ಕಿಷ್ಟು ಎಂದು ಖಾಲಿ ಮಾಡಿ, ಮಲಗುವ ಮುಂಚೆ ಅದರ ಲೆಕ್ಕವನ್ನು ಎಲ್ಲರೂ ಓದುವ ಹಾಗೆ ಬರೆದಿಡುತ್ತೇನೆ ಅಂದಿದ್ದೆ. ಬರೆದೆ. ನೀವು ಓದಿದಿರಿ. ಅದಕ್ಕೆ ಥ್ಯಾಂಕ್ಸ್ ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ.

ಮೊದಲೂ ಎಷ್ಟೋ ಸಲ ಮನೆ ಖಾಲಿ ಮಾಡಲು ಹೊರಟಿದ್ದೆ. ಆಗೆಲ್ಲ ಈ ಕಪಾಟಿನದು ಆ ಕಪಾಟಿಗೆ ಹೋಗುತ್ತಿತ್ತು, ಅಷ್ಟೆ. ರಾತ್ರಿ ನಿಮಗೆ ಲೆಕ್ಕ ಒಪ್ಪಿಸಬೇಕು ಅಂದಮೇಲೆ ಹಾಗೆ ಮಾಡಲು ಆಗಲಿಲ್ಲ. ಬಾಗಿಲು ದಾಟಿ ಹೊರಗೆ ಹೋದದ್ದನ್ನು ಮಾತ್ರ ಬರೆದೆ. ಹಳೇ ಬ್ಯಾಟರಿಗಳನ್ನೂ ಕಸದ ಚೀಲಕ್ಕೆ ಹಾಕಿದೆ ಎಂದು ಬರೆದ ರಾತ್ರಿಯೇ ನಿಮ್ಮಲ್ಲೊಬ್ಬರು, ಲಿಥಿಯಂ ಬ್ಯಾಟರಿ ಜಜ್ಜಿಹೋದರೆ ಬೆಂಕಿ ಹತ್ತಬಹುದು, ಇ-ತ್ಯಾಜ್ಯಕ್ಕೇ ಕೊಡಿ ಎಂದು ಎಚ್ಚರಿಸಿದಿರಿ. ಬೆಳಿಗ್ಗೆ ಎದ್ದವಳೇ ಅವನ್ನು ಬೇರೆ ತೆಗೆದಿಟ್ಟೆ.

23ನೇ ದಿನ ಅಮ್ಮನ ಕಪಾಟು ತೆರೆದೆ. ಅಮ್ಮ ಹೋಗಿ ನಾಲ್ಕು ವರ್ಷ. ಮಡಿಸಿಟ್ಟ ಸ್ವೆಟರಿನಲ್ಲಿ ಅವಳ ವಾಸನೆ ಇನ್ನೂ ಇತ್ತು. ಬಾಗಿಲು ಮುಚ್ಚಿ ಅಲ್ಲೇ ಕೂತುಬಿಟ್ಟೆ. ಆ ರಾತ್ರಿ ಒಂದಕ್ಷರವೂ ಬರೆಯಲಿಲ್ಲ. ನಡುವೆ ತಪ್ಪಿತು, ಇಲ್ಲಿಗೆ ಮುಗಿಯಿತು ಅಂದುಕೊಂಡೆ.

ಆಗ ಒಬ್ಬರು ಒಂದು ಅಧ್ಯಯನದ ಮಾತು ಹೇಳಿದರು. ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ್ದು. ಹೊಸ ಅಭ್ಯಾಸ ರೂಢಿಯಾಗಲು ಸರಾಸರಿ 66 ದಿನ ಬೇಕಾಯಿತಂತೆ. ಒಬ್ಬೊಬ್ಬರಿಗೂ ಬೇರೆ ಬೇರೆ, 18ರಿಂದ 254 ದಿನದವರೆಗೂ. ನಡುವೆ ಒಂದು ದಿನ ತಪ್ಪಿದರೂ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲವಂತೆ. ಇನ್ನೊಬ್ಬರು, "ಏನೂ ಆಗಲಿಲ್ಲ ಅಂತಲೇ ಬರಿ, ಅದೂ ಲೆಕ್ಕವೇ" ಅಂದರು. ಮುಂದಿನ ಆರು ರಾತ್ರಿ ನಾನು ಬರೆದದ್ದು ಅದೊಂದೇ ಸಾಲು: ಇವತ್ತು ಏನೂ ಆಗಲಿಲ್ಲ. ಆರು ರಾತ್ರಿಯೂ ಯಾರೋ ಒಬ್ಬರು "ಓದಿದೆ" ಅಂದಿರಿ. ಆ ಒಂದು ಪದ ನನ್ನನ್ನು ಎಷ್ಟು ಹಿಡಿದು ನಿಲ್ಲಿಸಿತು ಎನ್ನುವುದು ನಿಮಗೆ ಗೊತ್ತಿರಲಿಕ್ಕಿಲ್ಲ.

ಏಳನೇ ದಿನ, ನಿಮ್ಮಲ್ಲೊಬ್ಬರು ಹೇಳಿಕೊಟ್ಟ ಹಾಗೆ, ಅಮ್ಮನ ಒಂದೊಂದೇ ಬಟ್ಟೆಯ ಫೋಟೋ ತೆಗೆದೆ. ಪ್ರತಿಯೊಂದರ ಪಕ್ಕ ಒಂದು ನೆನಪು ಬರೆದೆ, ಆಮೇಲೆ ಕೊಟ್ಟೆ. ಸ್ವೆಟರು ಮತ್ತು ಕನ್ನಡಕ ನನ್ನ ಹತ್ತಿರವೇ ಇವೆ, ಅವನ್ನು ಕೊಡುವುದಿಲ್ಲ.

ಮೊದಲ ದಿನದಿಂದ ಮಾತಿಲ್ಲದೆ ಓದುತ್ತಾ ಬಂದವರೊಬ್ಬರು ಮೊನ್ನೆ ಮೊದಲ ಸಲ ಮಾತಾಡಿದರು. ಅಪ್ಪನ ಟ್ರಂಕನ್ನು ತೆರೆದೆ, ಮತ್ತೆ ಮುಚ್ಚಿದೆ ಅಂದರು. ನಿಮಗೆ ಅವಸರವೇನಿಲ್ಲ. ಏನೂ ಆಗಲಿಲ್ಲ ಅಂತಲೇ ಬರೆಯಿರಿ. ನಾನು ಓದುತ್ತೇನೆ.