ಎಮ್ಮೆಗೆ 'ಪೆಟ್ ನೇಮ್' ಬೇಡ, ಔಷಧಿ ಪಟ್ಟಿ ಸರಿಯಾಗಲಿ

ಮಾನ್ಯರೇ,

ರಾಮನಗರದ ಹತ್ತಿರ ಒಂದು ಖಾಸಗಿ ಪಶು ಕ್ಲಿನಿಕ್‌ನಲ್ಲಿ ಚೀಟಿ, ಬಿಲ್ಲು, ಲಸಿಕೆ ಲೆಕ್ಕ ನೋಡಿಕೊಳ್ಳುವವಳು ನಾನು. ಕಳೆದ ವರ್ಷ ರಿಜಿಸ್ಟರ್ ಬಿಟ್ಟು ಸಾಫ್ಟ್‌ವೇರ್‌ಗೆ ಬಂದೆವು. ಬಿಲ್ಲಿನ ಕೆಲಸ ಚೆನ್ನಾಗಿ ಮಾಡುತ್ತದೆ, ಒಂದು ಪೈಸೆ ತಪ್ಪುವುದಿಲ್ಲ. ಆದರೆ ಅದನ್ನು ಮಾಡಿದವರು ನಾಯಿ, ಬೆಕ್ಕು ಬಿಟ್ಟು ಬೇರೆ ಪ್ರಾಣಿ ನೋಡಿದಂತಿಲ್ಲ. 'ಪೆಟ್ ನೇಮ್' ತುಂಬದಿದ್ದರೆ ಮುಂದಕ್ಕೇ ಹೋಗುವುದಿಲ್ಲ. ಎಮ್ಮೆ ಹೊಡೆದುಕೊಂಡು ಬಂದ ಅಜ್ಜನ ಹತ್ತಿರ ಇದನ್ನು ಕೇಳೋಕಾಗುತ್ತಾ? ಸುಮ್ನೆ 'ಎಮ್ಮೆ' ಅಂತಲೇ ಬರೆಯುತ್ತೇನೆ. ಈಗ ನಮ್ಮ ಪಟ್ಟಿಯಲ್ಲಿ ಎಮ್ಮೆ ಎಂಬ ಹೆಸರಿನ ಎಮ್ಮೆಗಳೇ ಜಾಸ್ತಿ. ದನ, ಎಮ್ಮೆಗಳ ಗುರುತಿಗೆ ಕಿವಿಗೆ ಹಾಕುವ ಓಲೆಯ 12 ಅಂಕಿ ಬರೆಯಲು ಮಾತ್ರ ಜಾಗವಿಲ್ಲ.

ಇದನ್ನು ಹೇಗೋ ನಿಭಾಯಿಸಬಹುದು. ಔಷಧಿ ಪಟ್ಟಿಯ ವಿಷಯ ಹಾಗಲ್ಲ. ನೋವಿನ ಇಂಜೆಕ್ಷನ್ ಹುಡುಕಿದರೆ ಮೊದಲು ಬರುವುದೇ ಡೈಕ್ಲೋಫೆನಾಕ್. ಪ್ರಾಣಿಗಳಿಗೆ ಅದು 2006ರಲ್ಲೇ ನಿಷೇಧವಾಗಿದೆ. ಅದನ್ನು ಚುಚ್ಚಿದ ದನ ಸತ್ತರೆ, ಆ ಮಾಂಸ ತಿಂದ ರಣಹದ್ದು ಕಿಡ್ನಿ ಕೆಟ್ಟು ಸಾಯುತ್ತದೆ. ನಮ್ಮ ರಾಮದೇವರ ಬೆಟ್ಟ ರಣಹದ್ದುಗಳ ಧಾಮ ಬೇರೆ! 2023ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್ ಕೂಡ ನಿಷೇಧವಾದವು. ಅವೂ ಪಟ್ಟಿಯಲ್ಲಿ ಹಾಗೇ ಇವೆ. ನಮ್ಮ ಡಾಕ್ಟರು ರಣಹದ್ದಿಗೆ ಅಪಾಯವಿಲ್ಲದ ಮೆಲಾಕ್ಸಿಕ್ಯಾಮ್ ಬರೆಯುತ್ತಾರೆ, ಸರಿ. ಹೊಸದಾಗಿ ಸೇರಿದ ಹುಡುಗ ಅವಸರದಲ್ಲಿ ಮೊದಲ ಹೆಸರನ್ನೇ ಒತ್ತಿದರೆ? ಕಂಪನಿಗೆ ಫೋನ್ ಮಾಡಿದ್ದಕ್ಕೆ, 'ಮುಂದಿನ ಅಪ್‌ಡೇಟ್‌ನಲ್ಲಿ ನೋಡೋಣ ಮೇಡಂ' ಅಂದರು.

ಹಾಲಿನದೂ ಒಂದು ಮಾತಿದೆ. ಕೆಚ್ಚಲು ಬಾವು ಬಂದ ಹಸುವಿಗೆ ಆ್ಯಂಟಿಬಯಾಟಿಕ್ ಕೊಟ್ಟ ಮೇಲೆ ಕೆಲವು ದಿನ ಹಾಲನ್ನು ಡೇರಿಗೆ ಹಾಕಬಾರದು. ಎಷ್ಟು ದಿನ ಅನ್ನುವುದು ಔಷಧಿಯಿಂದ ಔಷಧಿಗೆ ಬೇರೆ. ಇಷ್ಟೇ ದಿನ ಎಂದು ಗೊತ್ತುಮಾಡಿರದ ಔಷಧಿಯಾದರೆ ಕನಿಷ್ಠ 7 ದಿನ ಎಂದು 2012ರಲ್ಲೇ ನಿಯಮ ಬಂದಿದೆ. ಸಾಫ್ಟ್‌ವೇರ್‌ಗೆ ಔಷಧಿ ಗೊತ್ತು, ಕೊಟ್ಟ ತಾರೀಖೂ ಗೊತ್ತು. ಎರಡನ್ನೂ ಕೂಡಿಸಿ 'ಇಂಥ ದಿನದವರೆಗೆ ಹಾಲು ಹಾಕಬೇಡಿ' ಅಂತ ಚೀಟಿಯಲ್ಲಿ ಕನ್ನಡದಲ್ಲಿ ಅಚ್ಚಾಗಲು ಏನು ಕಷ್ಟ? ಈಗ ನಾನೇ ಪೆನ್ನಿನಲ್ಲಿ ಬರೆದು ಕೊಡುತ್ತೇನೆ. ಕಾಯಿಲೆ ಬಿದ್ದ ಹಸುವಿನ ಚೀಟಿಯ ಕೆಳಗೆ 'ಥ್ಯಾಂಕ್ ಯು, ವಿಸಿಟ್ ಅಗೇನ್' ಮಾತ್ರ ತಪ್ಪದೆ ಬರುತ್ತದೆ.

ಖಾಸಗಿ ಕ್ಲಿನಿಕ್‌ಗಳಿಗೆ ಮಾರುವ ಇಂಥ ಸಾಫ್ಟ್‌ವೇರ್‌ಗಳ ಔಷಧಿ ಪಟ್ಟಿಯನ್ನು ಪಶುಪಾಲನಾ ಇಲಾಖೆ ಒಮ್ಮೆ ತರಿಸಿ ನೋಡಲಿ. ನಿಷೇಧದ ಆದೇಶ ಬಂದ ದಿನವೇ ಆ ಹೆಸರು ಎಲ್ಲ ಕಂಪ್ಯೂಟರ್‌ಗಳಿಂದ ಹೋಗಬೇಕು.

– ಪಶು ಕ್ಲಿನಿಕ್ ಸಿಬ್ಬಂದಿ, ರಾಮನಗರ